ಪ್ರೇಮಲೀಲಾ ಬರೆದ ಮೂವತ್ತೊಂದು ಪರೀಕ್ಷೆಗಳು

ಹುರುಳಿಕಾಯಿಯ ನಾರು ತೆಗೆಯುತ್ತಲೇ ಪ್ರೇಮಲೀಲಾ ಕೇಳುತ್ತಾರೆ, "ಐ ವಾಂಟ್... ಆದ್ಮೇಲೆ?"

"ಟು ಸಿಂಗ್," ಎನ್ನುತ್ತಾಳೆ ಹೊಸ್ತಿಲ ಬಳಿ ಕುಳಿತ ಅಕ್ಷತಾ.

"ಐ ಎಂಜಾಯ್?"

"ಟು ಸಿಂಗ್."

ಕೈ ನಿಲ್ಲುತ್ತದೆ. "ಸಿಂಗಿಂಗ್ ಕಣಮ್ಮ. ವಾಂಟ್‌ಗೆ ಟು ಸಿಂಗ್, ಎಂಜಾಯ್‌ಗೆ ಸಿಂಗಿಂಗ್."

"ಯಾಕಾಂಟಿ ಹಂಗೆ?"

"ಅವರ ಭಾಷೆ, ಅವರಿಷ್ಟ. ನಮ್ಮನ್ನ ಕೇಳಿ ಮಾಡಿದ್ರಾ?"

ನಜರ್‌ಬಾದಿನ ಈ ಎರಡು ಕೋಣೆಯ ಮನೆಯಲ್ಲಿ ಈಗ ಬೆಳಗಿನ ಐದೂವರೆ. ಪಕ್ಕದ ಮನೆಯ ಅಕ್ಷತಾಗೆ ಹತ್ತೊಂಬತ್ತು ವರ್ಷ, ಹುಟ್ಟಿದಾಗಿನಿಂದ ಕಣ್ಣು ಕಾಣದು. ಏಳಕ್ಕೆ ಪ್ರೇಮಲೀಲಾ ಜಯಲಕ್ಷ್ಮಿಪುರಂನ ಎರಡು ಮನೆಗಳ ಅಡುಗೆಗೆ ಹೊರಡಬೇಕು. ಅಲ್ಲಿಯವರೆಗಿನ ಹೊತ್ತು ಇವಳದು.

ಅಂಧ ವಿದ್ಯಾರ್ಥಿಗಳು ಹೇಳಿದ ಉತ್ತರವನ್ನು ಪರೀಕ್ಷಾ ಕೊಠಡಿಯಲ್ಲಿ ಕುಳಿತು ಬರೆದುಕೊಡುವುದು ಪ್ರೇಮಲೀಲಾ ಹನ್ನೊಂದು ವರ್ಷದಿಂದ ಮಾಡುತ್ತಿರುವ ಕೆಲಸ. ಇದುವರೆಗೆ ಮೂವತ್ತೊಂದು ಪತ್ರಿಕೆ. ಬರೆಯುವವರು ಪರೀಕ್ಷೆ ಕಟ್ಟಿದವರಿಗಿಂತ ಕಡಿಮೆ ಓದಿರಬೇಕೆಂಬುದು ನಿಯಮ. "ಎಸ್ಸೆಸ್ಸೆಲ್ಸಿಗೇ ಮದುವೆ ಮಾಡ್ಬುಟ್ರು. ಕಮ್ಮಿ ಓದಿದ್ದಕ್ಕೆ ಈ ಕೆಲಸ ಸಿಕ್ತು ನೋಡಿ," ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನನ್ನತ್ತ ತಿರುಗಿ ನಗುತ್ತಾರೆ. ಬರೆದು ಬರೆದೇ ಪಿಯುಸಿಯ ಇಂಗ್ಲಿಷ್ ಪೂರ್ತಿ ಅವರಿಗೆ ಬಂದಿದೆ.

ಸೈಕಲ್ ಹೊರಗೆ ತೆಗೆಯುತ್ತಿದ್ದ ಪತಿ ಮೃತ್ಯುಂಜಯ ಅಲ್ಲಿಂದಲೇ ಕೂಗುತ್ತಾರೆ, "ಹತ್ತು ಸಲ ಪಿಯುಸಿ ಬರೆದವ್ಳೆ ಮೇಡಂ, ಒಂದು ಸಲಾನೂ ಪಾಸಾಗಿಲ್ಲ!" ಪ್ರೇಮಲೀಲಾ ಕಾಯಿಗಳತ್ತ ನೋಡುತ್ತಾರೆ.

ಕಳೆದ ಮಾರ್ಚಿನಲ್ಲಿ ಅಕ್ಷತಾಳ ಪಿಯುಸಿ ಇಂಗ್ಲಿಷ್ ಬರೆದುಕೊಟ್ಟ ಮಾತೆತ್ತಿದಾಗ ಅವರ ದನಿ ಕುಗ್ಗುತ್ತದೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ಅಕ್ಷತಾ ಹೇಳಿದ ಮೂರು ಉತ್ತರಗಳೂ ತಪ್ಪು. ಹೇಳಿದ್ದನ್ನಷ್ಟೇ ಬರೆಯಬೇಕು, ತಿದ್ದುವಂತಿಲ್ಲ. "ನಂಗೆ ಸರಿ ಗೊತ್ತಿತ್ತು ಕಣ್ರೀ. ಗೊತ್ತಿದ್ದೂ ತಪ್ಪನ್ನೇ ದುಂಡಗೆ ಬರೆದೆ. ಮೇಲ್ವಿಚಾರಕರು ಬಂದು, ಎಷ್ಟು ಚೆಂದ ಅಕ್ಷರ ಅಂದ್ರು." ಅಕ್ಷತಾ ಅನುತ್ತೀರ್ಣಳಾದದ್ದು ಎರಡು ಅಂಕದಿಂದ. ಆಮೇಲೆ, ಪ್ರೇಮಲೀಲಾ ಹೋಗಲಾಗದೆ ಅಪರಿಚಿತರೊಬ್ಬರು ಬರೆದುಕೊಟ್ಟ ಪೂರಕ ಪರೀಕ್ಷೆಯಲ್ಲಿ ಅವಸರಕ್ಕೆ ಬೆದರಿ ಅರ್ಧಕ್ಕೇ ಎದ್ದುಬಂದಳು. ಬರುವ ಮಾರ್ಚಿನದು ಕೊನೆಯ ಪ್ರಯತ್ನ, ಆಗದಿದ್ದರೆ ಓದು ಬಿಡಿಸುತ್ತೇವೆಂದು ಮನೆಯವರು ಹೇಳಿಬಿಟ್ಟಿದ್ದಾರೆ.

ಕಪಾಟಿನ ಮೇಲೆ ಇನ್ನೊಂದು ಕಾಗದವಿದೆ. ಖಾಸಗಿಯಾಗಿ ಪಿಯುಸಿ ಕಟ್ಟುವ ಅರ್ಜಿ. ಪ್ರೇಮಲೀಲಾರ ಫೋಟೊ ಅಂಟಿಸಿ, ಸಹಿಯೂ ಆಗಿದೆ. ಸಲ್ಲಿಸಲು ಇಂದೇ ಕೊನೆಯ ದಿನ. ಆದರೆ ಅವರ ಇಂಗ್ಲಿಷ್ ಪತ್ರಿಕೆಯೂ ಅಕ್ಷತಾಳದೂ ಒಂದೇ ದಿನ, ಒಂದೇ ಹೊತ್ತಿಗೆ. "ಹೋದ ವರ್ಷಾನೂ ಹಿಂಗೇ ಆಯ್ತು. ಅದರ ಹಿಂದಿನ ವರ್ಷಾನೂ. ಪಾಸಾಗ್ಬುಟ್ರೆ ಆಮೇಲೆ ಈ ಮಕ್ಕಳಿಗೆ ಬರೆಯೋ ಹಂಗೂ ಇಲ್ವಲ್ಲ," ಎಂದು ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳುತ್ತಾರೆ. ಅಕ್ಷತಾಗೆ ಅರ್ಜಿಯ ವಿಷಯ ಗೊತ್ತಿಲ್ಲ.

ಆರೂಕಾಲಿಗೆ ಬರವಣಿಗೆ ಶುರು. ಅವಳು ಹೇಳಬೇಕು, ಇವರು ಬರೆದು ಓದಿ ಹೇಳಬೇಕು. ಹಳೆಯ ನೋಟ್‌ಬುಕ್ಕಿನ ಹಾಳೆಗಳು ಮುಗಿದಿವೆ. ಪ್ರೇಮಲೀಲಾ ಎದ್ದು ಕಪಾಟಿಗೆ ಕೈಯಿಡುತ್ತಾರೆ. ಅರ್ಜಿಯನ್ನು ಒಮ್ಮೆ ನೋಡುತ್ತಾರೆ. ಕುಳಿತು, ಫೋಟೊ ಕೆಳಗಾಗುವಂತೆ ಮಣೆಯ ಮೇಲಿಟ್ಟು, ಅದರ ಖಾಲಿ ಹಿಂಬದಿಗೆ ಒಂದನೇ ಉತ್ತರದ ನಂಬರು ಹಾಕುತ್ತಾರೆ.

ಅಕ್ಷತಾ ತಲೆ ಓರೆ ಮಾಡುತ್ತಾಳೆ. "ಆಂಟಿ, ಕಾಗದದ ಸದ್ದು ಬೇರೆ ಥರ ಇದ್ಯಲ್ಲ?"

"ದಪ್ಪ ಹಾಳೆ ಕಣಮ್ಮ. ಸುಮ್ನೆ ಬಿದ್ದಿತ್ತು. ನೀನು ಹೇಳು."