ಡಕೋಟ ಹೀಗೆ ಕೆಮ್ಮುವುದಿಲ್ಲ

ನಮ್ಮ ಶ್ರೀನಿವಾಸಪುರದ ಕಡೆ ಲಡಕಾಸಿ ಬಸ್ಸಿಗೆ ಡಕೋಟ ಅನ್ನುತ್ತಾರೆ. ಕಿಟಕಿಗೆ ಗಾಜಿಲ್ಲದಿದ್ದರೂ ಡಕೋಟ, ದಿಬ್ಬದಲ್ಲಿ ಜನ ಇಳಿದು ತಳ್ಳಬೇಕಾದರೂ ಡಕೋಟ. ನಮ್ಮ ಮನೆಯವರು ಮಾತ್ರ ಬಸ್ಸಿಗೆ ಆ ಮಾತು ಆಡಿದವರಲ್ಲ. ಅವರು ವಾಯುಸೇನೆಯಲ್ಲಿ ದುಡಿದದ್ದು ನಿಜವಾದ ಡಕೋಟದಲ್ಲಿ, ಜನ ಸಾಮಾನು ಸಾಗಿಸುವ ವಿಮಾನದಲ್ಲಿ.

ಪಿಂಚಣಿ ಪಡೆದು ಊರಿಗೆ ಬಂದ ಮೇಲೆ ಮಾವಿನ ಮಂಡಿಯವರು ಬಸ್ ಸ್ಟ್ಯಾಂಡಿನಲ್ಲಿ ಬೇಕೆಂದೇ ರೇಗಿಸುತ್ತಿದ್ದರು.

"ಏನಣ್ಣೋ, ನಿನ್ ಡಕೋಟ ಬಂತು, ಹತ್ತಲ್ವಾ?"

"ಅದು ಬಸ್ಸು ಕಣೋ. ಡಕೋಟ ಹಿಂಗೆ ಕೆಮ್ಮಲ್ಲ."

"ಇನ್ ಹೆಂಗೆ ಕೆಮ್ತದೆ?"

ಅವರ ಜೊತೆ ಇವರೂ ನಗುತ್ತಿದ್ದರು. ಮನೆಗೆ ಬಂದು ಮುದ್ದೆ ಮುರಿಯುವಾಗ ಮಾತ್ರ ಅದರ ಕತೆ ತೆಗೆಯುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಯಾವುದೋ ದೇಶದ ಸಿಪಾಯಿಗಳನ್ನು ಹೊತ್ತದ್ದು, ಆಮೇಲೆ ನಮ್ಮವರ ಕೈಗೆ ಬಂದು ಕಾಶ್ಮೀರಕ್ಕೆ ಹೋದದ್ದು. ನೆಲದ ಮೇಲೆ ಅದು ಬಾಲ ಊರಿ ಕೂರುತ್ತದಂತೆ, ಒಳಗೆ ನಡೆದರೆ ದಿಣ್ಣೆ ಹತ್ತಿದಂತೆ. ರಸ್ತೆಯಿಲ್ಲದ ಈಶಾನ್ಯದ ಬೆಟ್ಟಗಳಲ್ಲಿ ಕಾವಲಿದ್ದ ಸೈನಿಕರಿಗೆ ಇವರು ಹಾರುವ ವಿಮಾನದ ಬಾಗಿಲಲ್ಲಿ ನಿಂತು ಅಕ್ಕಿ ಮೂಟೆ ಕೆಳಗೆ ತಳ್ಳಿದ್ದಾರೆ. ಬಾಂಗ್ಲಾ ಯುದ್ಧದಲ್ಲಿ ಹೋಗುವಾಗ ಸಿಪಾಯಿಗಳು, ಬರುವಾಗ ಗಾಯಾಳುಗಳು. ಆ ಗಾಯಾಳುಗಳ ವಿಷಯ ಬಂದರೆ ಮಜ್ಜಿಗೆ ಕೇಳಿ ಮಾತು ನಿಲ್ಲಿಸುತ್ತಿದ್ದರು.

ಎಂಬತ್ತರ ದಶಕದಲ್ಲಿ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನಮಗೆ ಮಕ್ಕಳಿಲ್ಲ. ಆ ವಿಮಾನದ ಕತೆ ನಮ್ಮೂರಲ್ಲಿ ಗೊತ್ತಿದ್ದವಳು ನಾನೊಬ್ಬಳೇ ಆದೆ. ಒಲೆ ಮುಂದೆ ಕೂತು ಅದನ್ನು ಮೊದಲಿನಿಂದ ಹೇಳಿಕೊಳ್ಳುತ್ತಿದ್ದೆ. ಎಲ್ಲಿ ಮರೆತುಬಿಡುತ್ತೇನೋ ಅನ್ನುವ ಭಯ. ಮರೆತರೆ ತಿದ್ದುವವರಿಲ್ಲ.

ಮೊದಲ ಮಾಸಿಕ ಕಳೆದ ಮೇಲೆ ತವರಿಗೆಂದು ಮುಳಬಾಗಿಲಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುರುಡುಮಲೆ ಗಣಪನಿಗೆ ಹರಕೆ ಹೊತ್ತ, ತೆಲುಗು ಬೆರೆಸಿ ಮಾತಾಡುವ ಒಬ್ಬ ಮುದುಕಿ. ದಿಬ್ಬದಲ್ಲಿ ಬಸ್ಸು ನಿಂತಿತು.

"ಅಯ್ಯೋ ದೇವುಡಾ! ಈ ಡಕೋಟ ಊರು ಮುಟ್ಟಿದಂಗೇ!"

"ಡಕೋಟ ಹಿಂಗಿರಲ್ಲಮ್ಮ," ಅಂದುಬಿಟ್ಟೆ.

"ಇನ್ನೆಂಗಿರ್ತದೆ?"

ಹೇಳಿದೆ. ಅಷ್ಟು ದಿನದಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಆಕೆ ಕಾಲು ಮೇಲೆತ್ತಿ ಕೂತು ಕೇಳಿದಳು.

"ಅಷ್ಟೆತ್ತರದಿಂದ ಹಾಕಿದ್ರೆ ಅಕ್ಕಿ ಚೆಲ್ಲೋಗಲ್ವಾ?"

"ಒಂದು ಗೋಣಿ ಮೇಲೆ ದೊಡ್ಡದಾಗಿ ಇನ್ನೊಂದು ಹಾಕಿರ್ತಾರೆ. ಒಳಗಿಂದು ಒಡೆದ್ರೂ ಹೊರಗಿಂದು ಹಿಡ್ಕೊಳ್ತದೆ."

ನೆನಪಿತ್ತು. ಎಲ್ಲ ನೆನಪಿತ್ತು. ಒಳಗೊಳಗೇ ಹಿಗ್ಗಿದೆ.

"ಸರಿ ಬಿಡು. ಅದು ಕೆಳಗಿರೋರ ಕೈ ಸೇರ್ತು ಅಂತ ಮೇಲಿರೋರಿಗೆ ಹೆಂಗ್ ತಿಳೀತದೆ?"

ಅಷ್ಟು ವರ್ಷ ಬಡಿಸಿದ್ದೇನೆ, ಅದೊಂದು ಮಾತು ಅವರನ್ನು ಕೇಳಿರಲಿಲ್ಲ.

"ಅದು ಗೊತ್ತಿಲ್ಲಮ್ಮ. ನಮ್ಮ ಮನೆಯವರನ್ನ ಕೇಳಿ ಹೇಳ್ತೀನಿ," ಅಂದೆ.

ಬಾಯಿಂದ ಹೊರಟ ಮೇಲೆ ನನಗೇ ಕೇಳಿಸಿತು. ಆಕೆ ನನ್ನ ಬರಿ ಹಣೆಯನ್ನು ನೋಡಿದಳು, ಕೈ ನೋಡಿದಳು. ಕೆಳಗೆ ಜನ ಬಸ್ಸನ್ನು ತಳ್ಳುತ್ತಿದ್ದರು.

"ಕೇಳು ತಲ್ಲಿ," ಅಂದಳು. "ಕೇಳಿ ಹೇಳು."