ನಾನು ಕಿತ್ತಿಟ್ಟ ತಂತಿ

ಬಸಣ್ಣ, ಆ ತಂತಿಯನ್ನು ಕಿತ್ತವಳು ನಾನು. ಅಪಘಾತವಾದ ಮೇಲೆ, ಯಾರೂ ನೋಡುವ ಮೊದಲು, ಮತ್ತೆ ಜೋಡಿಸಿದವಳೂ ನಾನೇ.

ಮೂರು ವರ್ಷವಾಯಿತು. ನನ್ನ ದಿನಚರಿಯಲ್ಲಿ ಎಲ್ಲವೂ ಇದೆ — ತಾರೀಖು, ಗಾಡಿ, ಕೆಲಸ, ಬಾಕಿ. ಅಕ್ಷರ ದುಂಡಗಿದೆ, ಗೆರೆ ನೇರವಾಗಿದೆ. ಆ ಅಂದ ನೋಡಿದರೆ ನನಗೇ ಹೇಸಿಗೆ.

ತರೀಕೆರೆಯ ಮಾವನ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ನನ್ನದು. ನೀವು ಎಮ್ಮೆದೊಡ್ಡಿಯವರು, ಬಾಡಿಗೆ ಕಾರು ಓಡಿಸುತ್ತಿದ್ದಿರಿ. ಬಾನೆಟ್ ಮುಚ್ಚಿದ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ, ಅಂಚು ಹಿಡಿದು ಒಮ್ಮೆ ಮೇಲೆತ್ತಿ ನೋಡುವುದು ನಿಮ್ಮ ರೂಢಿ. ನಾನು ನಕ್ಕಿದ್ದೆ.

"ಅದೇನು ಬಸಣ್ಣಾ, ಹೋರಿ ಬೆನ್ನು ತಟ್ಟಿದಂಗೆ ತಟ್ತೀರಿ? ಒಳಗೆ ಸ್ವಿಚ್ ಐತೆ. ದೀಪ ನೋಡಿ, ಸಾಕು."

"ಹಂಗೇನವ್ವಾ? ಹಂಗಾದ್ರೆ ನಮ್ಮ ಹೋರಿಗೂ ಒಂದು ದೀಪ ಹಾಕ್ಕೊಡು," ಎಂದಿರಿ.

ನಾನೇ ತೋರಿಸಿಕೊಟ್ಟೆ. ಚಿಲಕದ ಪಕ್ಕದಲ್ಲಿ ಬೆರಳ ತುದಿಯಷ್ಟು ಪಿನ್, ಅದರಡಿ ಸ್ಪ್ರಿಂಗ್. ಬಾನೆಟ್ ಪೂರ್ತಿ ಕೂತರೆ ಪಿನ್ ಒತ್ತಿಕೊಳ್ಳುತ್ತದೆ, ಒಳಗೆ ಸಂಪರ್ಕ ಬಿಡುತ್ತದೆ, ಡ್ಯಾಶ್‌ಬೋರ್ಡಿನ ದೀಪ ಆರುತ್ತದೆ. ಕೂರದಿದ್ದರೆ ಪಿನ್ ಎದ್ದೇ ಇರುತ್ತದೆ, ಕರೆಂಟು ಹರಿಯುತ್ತದೆ, ದೀಪ ಉರಿಯುತ್ತದೆ. ಇಷ್ಟೇ. ನೀವು ನಂಬಿದಿರಿ. ತಟ್ಟುವುದನ್ನು ಬಿಟ್ಟಿರಿ.

ಒಂದು ಮಂಗಳವಾರ ಆ ಸ್ವಿಚ್ಚಿನೊಳಗೆ ತುಕ್ಕು ಹಿಡಿದು, ಪಿನ್ ಒತ್ತಿದರೂ ಸಂಪರ್ಕ ಬಿಡದಾಯಿತು. ಬಾನೆಟ್ ಮುಚ್ಚಿದರೂ ದೀಪ ಆರದು. ಹೊಸ ಸ್ವಿಚ್ ಶಿವಮೊಗ್ಗದಿಂದ ಬರಬೇಕು. ನಿಮಗೆ ಬಾಡಿಗೆ ಕಾದಿತ್ತು. ನಾನು ಸ್ವಿಚ್ಚಿನ ತಂತಿ ಕಿತ್ತು ಟೇಪು ಸುತ್ತಿದೆ. ದೀಪ ಆರಿತು — ಇನ್ನು ಬಾನೆಟ್ ತೆರೆದಿದ್ದರೂ ಅದು ಹತ್ತುವಂತಿಲ್ಲ.

"ಸರಿಹೋಯ್ತೇನವ್ವಾ?"

"ಹೋಯ್ತು."

ಮೊದಲಿನ ಹಾಗೆ ತಟ್ಟಿ ನೋಡಿ ಎನ್ನಬಹುದಿತ್ತು — ಒಂದೇ ಮಾತು. ಹೇಳಲಿಲ್ಲ.

ಸ್ವಿಚ್ ಗುರುವಾರವೇ ಬಂತು. ಡ್ರಾಯರಿನಲ್ಲಿ ಬಿದ್ದಿತ್ತು. ದಿನಚರಿಯಲ್ಲಿ 'ಬಾಕಿ' ಎಂದು ಬರೆದು ಪ್ರತಿ ಸಂಜೆ ಅದರ ಮುಂದೆ ಒಂದು ಗೀಟು ಎಳೆದೆ. ಹನ್ನೊಂದು ಗೀಟು. ಗೀಟು ಎಳೆದರೆ ಕೆಲಸ ಮುಗಿಸಿದಷ್ಟೇ ಸಮಾಧಾನವಾಗುತ್ತಿತ್ತು — ಥೂ.

ಹನ್ನೆರಡನೆಯ ದಿನ ಅಜ್ಜಂಪುರ ರೈಲು ನಿಲ್ದಾಣದ ಮುಂದೆ ನೀವು ಬಾನೆಟ್ ತೆರೆದು ನೀರು ಹಾಕಿದಿರಿ, ಇಳಿಸಿದಿರಿ, ಒಳಗೆ ಕೂತು ದೀಪ ನೋಡಿದಿರಿ. ಚಿಲಕ ಕೂತಿರಲಿಲ್ಲ, ದೀಪ ಹತ್ತಲಿಲ್ಲ. ಊರು ದಾಟಿದ ಮೇಲೆ ಬಾನೆಟ್ ಎದ್ದು ಗಾಜಿಗೆ ಬಡಿಯಿತು. ಕಾರು ಚರಂಡಿಗಿಳಿಯಿತು. ನಿಮ್ಮ ಬಲ ಮಣಿಕಟ್ಟು ಮುರಿಯಿತು.

ಕಾರನ್ನು ನಮ್ಮ ಗ್ಯಾರೇಜಿಗೇ ಎಳೆದು ತಂದರು. ಮಾವ ಟೀ ಕುಡಿಯಲು ಹೋಗಿದ್ದರು. ಹೊಸ ಸ್ವಿಚ್ ಕೂರಿಸಿ ತಂತಿ ಸಿಕ್ಕಿಸಿದೆ. ಹೊಸದೆಂದು ಕಾಣದಿರಲೆಂದು ಗ್ರೀಸಿಗೆ ಮಣ್ಣು ಕಲಸಿ ಬಳಿದೆ. ಹನ್ನೊಂದು ದಿನ ಆಗದ ಕೆಲಸಕ್ಕೆ ಹತ್ತೇ ನಿಮಿಷ ಸಾಕಾಯಿತು. ಆ ಜಿಡ್ಡು ಈಗಲೂ ಉಗುರಿನ ಸಂದಿಯಲ್ಲಿ ಇದ್ದಂತೆ...

ಕಾರಿನ ಯಜಮಾನರು ಬಂದರು. ನೀವು ಕೈಗೆ ಪಟ್ಟಿ ಹಾಕಿಸಿಕೊಂಡು ನಿಂತಿದ್ದಿರಿ.

"ದೀಪ ಹತ್ಲಿಲ್ಲ ಕಣ್ರೀ. ದೇವ್ರಾಣೆಗೂ ಹತ್ಲಿಲ್ಲ. ಬೇಕಾದ್ರೆ ಈ ಹುಡುಗೀನೇ ಕೇಳಿ."

ನಾನು ಪಿನ್ ಒತ್ತಿದೆ. ದೀಪ ಆರಿತು. ಬಿಟ್ಟೆ. ಹತ್ತಿತು. "ಸ್ವಿಚ್ ಸರಿಯಾಗೇ ಇದೆ ಸರ್," ಎಂದೆ.

"ಓದಿದ ಹುಡುಗಿ ಸುಳ್ಳು ಹೇಳ್ತಾಳೇನಯ್ಯಾ?" ಎಂದರು ಯಜಮಾನರು.

ನೀವು ನನ್ನನ್ನು ನೋಡಿದಿರಿ. ಕೋಪವಿರಲಿಲ್ಲ — ನಿಮ್ಮ ಕಣ್ಣಿನ ಮೇಲೆಯೇ ನಿಮಗೆ ಅನುಮಾನ ಬಂದಿತ್ತು.

ನಿಮ್ಮ ಕೆಲಸ ಹೋಯಿತು. ಟ್ಯಾಕ್ಸಿ ಸ್ಟ್ಯಾಂಡಿನವರು 'ಬಾನೆಟ್ ಬಸಣ್ಣ' ಎಂದು ಹೆಸರಿಟ್ಟರು. "ಏನಪ್ಪಾ ಬಾನೆಟ್ಟು, ಇವತ್ತು ಅಂಗಿ ಗುಂಡಿನಾದ್ರೂ ಹಾಕ್ಕೊಂಡ್ಯಾ?" ಎಂದು ಒಬ್ಬ ಕೂಗಿದಾಗ ನಾನೂ ನಕ್ಕಿದ್ದೇನೆ. ಅದನ್ನು ಮಾತ್ರ ದಿನಚರಿಯಲ್ಲಿ ಬರೆಯಲಿಲ್ಲ. ಆಮೇಲೆ ಯಾರೂ ನಿಮಗೆ ಗಾಡಿ ಕೊಡಲಿಲ್ಲ.

ಕಳೆದ ವಾರ ನಿಮ್ಮನ್ನು ಕಡೂರಿನ ತೆಂಗಿನಕಾಯಿ ಮಂಡಿಯ ಮುಂದೆ ಕಂಡೆ. ಬೇರೆಯವರ ಗಾಡಿಗೆ ಮೂಟೆ ಹೊತ್ತು ತುಂಬಿ, ಹಿಂಬಾಗಿಲು ಹಾಕಿ, ತಟ್ಟಿದಿರಿ, ಎಳೆದು ನೋಡಿದಿರಿ, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದಿರಿ. ಐದು ಸಲ. ಎಣಿಸುವ ಚಟ ನನಗೆ — ಎಣಿಸಿದೆ.

ಇಂದು ಬೆಳಿಗ್ಗೆ ಮಾವನಿಗೆ ಹೇಳಿದೆ. ನನ್ನ ಕೈಯಲ್ಲಿದ್ದ ಸ್ಪ್ಯಾನರ್ ತೆಗೆದುಕೊಂಡು ಒಳಗೆ ಹೋದರು. ಸೋಮವಾರ ಯಜಮಾನರ ಮನೆಗೂ, ಅಲ್ಲಿಂದ ಟ್ಯಾಕ್ಸಿ ಸ್ಟ್ಯಾಂಡಿಗೂ ಹೋಗಿ ಈ ಕಾಗದವನ್ನೇ ಓದುತ್ತೇನೆ. ಹನ್ನೊಂದು ಗೀಟಿನ ಹಾಳೆಯನ್ನು ಹರಿದು ಇದರ ಜೊತೆ ಇಟ್ಟಿದ್ದೇನೆ; ಅದು ನಿಮ್ಮದು. ಕ್ಷಮೆ ಕೇಳುವ ಸಾಲು ಬರೆದು ಹೊಡೆದು ಹಾಕಿದೆ — ಕ್ಷಮಿಸುವ ಭಾರವನ್ನೂ ನಿಮ್ಮ ಮೇಲೆ ಹೊರಿಸಲಾರೆ.

ನಿಮ್ಮ ಕಣ್ಣು ಸರಿಯಾಗಿತ್ತು, ಬಸಣ್ಣ. ದೀಪ ಹತ್ತಲಿಲ್ಲ.