ಸಾರಾಂಶಪ್ಪ ಒಂದಕ್ಷರ ಬಿಡದೆ ಹೇಳಿದ್ದು

ಅರೇಬಿಕ್, ಇಂಗ್ಲಿಷ್ ಎರಡೂ ಬಲ್ಲ ದುಭಾಷಿ ಬೇಕಾದರೆ ಆ ಊರಿನವರು ದೊಡ್ಡಾಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗುತ್ತಿದ್ದರು. ಅದರ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಅಂಥ ಒಬ್ಬನ ಫೋನ್ ನಂಬರ್ ಇತ್ತು. ಹಡಗು ಕಂಪನಿಯ ಗೋದಾಮಿನಲ್ಲಿ ಹದಿನೆಂಟು ವರ್ಷ ಸರಕು ಇಳಿಸಿಕೊಳ್ಳುತ್ತಾ ಎರಡೂ ಭಾಷೆ ಕಲಿತವನು. ಈಗ ಯಾರ ನೌಕರನೂ ಅಲ್ಲ, ಕರೆದಲ್ಲಿಗೆ ಹೋಗುವವನು. ಮನೆಯಲ್ಲಿ ಮಾತ್ರ ಅವನು ಸಾರಾಂಶಪ್ಪ. ಮೂರು ಗಂಟೆಯ ಸಿನಿಮಾವನ್ನು ಎರಡೇ ಮಾತಿನಲ್ಲಿ ಮುಗಿಸಿ ಹೆಂಡತಿಯ ಕುತೂಹಲಕ್ಕೆ ತಣ್ಣೀರೆರಚುತ್ತಾನೆಂದು ನಾದಿನಿ ಇಟ್ಟ ಹೆಸರು. ಮಹಾರಾಯ ಅದನ್ನೂ ಬಿರುದಿನಂತೆ ಹೊತ್ತು ತಿರುಗುತ್ತಿದ್ದ.

ಆ ದಿನ ಚೀಟಿ ನೋಡಿ ಕರೆದವಳು ಒಬ್ಬ ಸೊಸೆ. ವಯಸ್ಸಾದ ಅತ್ತೆಯ ಕಾಲಿನ ಹುಣ್ಣು ಕೀವಾಗಿತ್ತು, ಆಕೆಗೆ ಅರೇಬಿಕ್ ಬಿಟ್ಟು ಇಂಗ್ಲಿಷ್ ಬಾರದು, ಸೊಸೆಗೆ ರಜೆ ಸಿಗದು. ಹನ್ನೊಂದಕ್ಕೆ ಆಸ್ಪತ್ರೆಗೆ ಬರುತ್ತೇನೆಂದ ಸಾರಾಂಶಪ್ಪ ಹನ್ನೆರಡಕ್ಕೆ ವಕೀಲರ ಕಚೇರಿಯ ಕೆಲಸವನ್ನೂ ಒಪ್ಪಿಕೊಂಡಿದ್ದ. ಆಸೆಗೊಂದು ಮಿತಿ ಬೇಡವೇ?

"ಯಾವ್ದಾದ್ರೂ ಔಷಧಿ ಒಗ್ಗಲ್ವಾ, ಕೇಳಿ," ಎಂದರು ಡಾಕ್ಟರಮ್ಮ.

ಅಜ್ಜಿ ತಂಗಿಯ ಮದುವೆಯಿಂದ ಶುರು ಮಾಡಿದಳು. ಅಂಗಳ, ನೆಂಟರು, ಹೊಸ ಬಟ್ಟೆ, ಜ್ವರ... ಐದು ನಿಮಿಷವಾದರೂ ಮುಗಿಯಲಿಲ್ಲ. ಸಾರಾಂಶಪ್ಪನ ಕಿವಿ ಅಲ್ಲೇ ಇತ್ತು, ಮನಸ್ಸು ವಕೀಲರ ಕಚೇರಿಯ ಮೆಟ್ಟಿಲು ಹತ್ತುತ್ತಿತ್ತು.

"ಅಂಥದ್ದೇನೂ ಇಲ್ವಂತೆ," ಎಂದ.

"ಇಷ್ಟು ಹೊತ್ತು ಮಾತಾಡಿದ್ರಲ್ಲಾ?"

"ಮನೆ ಕಥೆ, ಮೇಡಂ."

ಹೊರಗಿನ ಕೌಂಟರಿನಲ್ಲಿ ಸೊಸೆಗೆ ತೋರಿಸಬೇಕಾದ ತನ್ನ ಹಾಜರಿ ಚೀಟಿಗೆ ಸಹಿ ಹಾಕಿಸುವಾಗ ನರ್ಸ್ ಟ್ರೇ ಹಿಡಿದು ಒಳಗೆ ಹೋದಳು. "ಅಜ್ಜಿಗೆ ಪೆನ್ಸಿಲಿನ್ ತಾನೇ?" ಎಂದು ಯಾರನ್ನೋ ಕೇಳಿದ್ದು ಅವನ ಕಿವಿಗೆ ಬಿತ್ತು. ತಂಗಿಯ ಮದುವೆಯ ದಿನ ಅದನ್ನೇ ಚುಚ್ಚಿದ್ದಕ್ಕೆ ಮುಖವೆಲ್ಲ ಊದಿ, ಉಸಿರು ಕಟ್ಟಿ, ಸತ್ತು ಬದುಕಿದೆ ಎಂದಿದ್ದಳಲ್ಲವೇ ಅಜ್ಜಿ!

"ಸಿಸ್ಟರ್, ಬೇಡ! ಚುಚ್ಚಬೇಡಿ!" ಎನ್ನುತ್ತಾ ಎದ್ದೆನೋ ಬಿದ್ದೆನೋ ಎಂದು ಓಡಿದ. ಸೂಜಿ ತೋಳಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ನಡೆದದ್ದನ್ನೆಲ್ಲ ಅವನು ಡಾಕ್ಟರಮ್ಮನೆದುರು ಇಂಗ್ಲಿಷಿನಲ್ಲಿ ತೊದಲುತ್ತಾ ಒಪ್ಪಿಕೊಂಡ. ಏನೂ ಅರ್ಥವಾಗದ ಅಜ್ಜಿ, ಯಾವುದೋ ಕೇಡು ತಪ್ಪಿಸಿದ ಪುಣ್ಯಾತ್ಮನೆಂದು ಅವನ ಕೈ ಹಿಡಿದುಕೊಂಡು ಹರಸತೊಡಗಿದಳು. ನಾಚಿಕೆಯಿಂದ ಅವನ ಮೈಯೆಲ್ಲ ಹಿಡಿಯಷ್ಟಾಯಿತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಹೇಳೋದನ್ನ ಹಾಗೇ ಅಜ್ಜಿಗೆ ಹೇಳಿ. ಅಮ್ಮಾ, ನೀವು ಎಲ್ಲಾ ಸರಿಯಾಗೇ ಹೇಳಿದ್ರಿ. ಈ ಮನುಷ್ಯ ಅದನ್ನ ನನಗೆ ಹೇಳ್ಲಿಲ್ಲ. ನಿಮ್ಮ ಮಾತು ಪೂರ್ತಿ ಕೇಳೋಷ್ಟು ಪುರುಸೊತ್ತು ಇವರಿಗೆ ಇರ್ಲಿಲ್ಲ."

ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವನು ಅವನೊಬ್ಬನೇ. 'ಔಷಧಿ ಬದಲಾಯಿಸ್ತಾರಂತೆ' ಎಂದು ಮುಗಿಸಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಒಂದಕ್ಷರ ಬಿಡದೆ ಹೇಳಿದ. ಹೇಳುತ್ತಿದ್ದಂತೆ ಅಜ್ಜಿಯ ಕೈ ಸಡಿಲವಾಯಿತು. ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡು, ಡಾಕ್ಟರಮ್ಮನನ್ನು ನೋಡಿ ಮೆಲ್ಲಗೆ ಏನೋ ಹೇಳಿದಳು.

"ಏನಂತಾರೆ?"

ಅವನು ತಲೆ ತಗ್ಗಿಸಿದ.

"'ನನಗೆ ಬೇರೆ ದುಭಾಷಿಯನ್ನ ಹುಡುಕಿಕೊಡಿ' ಅಂತಿದ್ದಾರೆ, ಮೇಡಂ."